ಇಯರ್‌ಫೋನೂ ನನ್ನ ಎಡಗಿವಿಯೂ



ಕಳೆದ ತಿಂಗಳು ಚಿಂತಾಮಣಿಯಲ್ಲಿ ಬಂಧುಗಳ ಮದುವೆಯೊಂದಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕಕ್ಕೆ ಬಂದು ಕುಳಿತಳು. ನನ್ನ ನಿವೃತ್ತಿಗೆ ಎರಡು ವರ್ಷ ಮುಂಚಿನ ತಂಡದವಳು. "ಸಾರ್, ನಾವು ಕಿವಿಗೆ ವೈರ್ ಹಾಕಿಕೊಂಡರೆ ಬೈಯುತ್ತಿದ್ದಿರಿ. ಈಗ ನೀವೇ ಹಾಕಿಕೊಳ್ಳುತ್ತೀರಂತೆ! ಒಳ್ಳೆಯದು ಯಾವುದು, ಎಷ್ಟು ಕೊಡಬೇಕು, ಹೇಳಿ" ಎಂದಳು. ವಾಲಗದ ಅಬ್ಬರದಲ್ಲಿ ಅವಳ ಮಾತು ನನಗೆ ಅರ್ಧವೇ ಕೇಳಿಸಿತು. ಉತ್ತರವನ್ನು ಬರೆದು ತಿಳಿಸುತ್ತೇನೆಂದು ಹೇಳಿ ಪಾಯಸಕ್ಕೆ ಕೈಹಾಕಿದೆ. ಇದು ಆ ಉತ್ತರ. ನಡುವೆ ನನ್ನದೊಂದು ಕತೆಯೂ ಬರುತ್ತದೆ, ಸಹಿಸಿಕೊಳ್ಳಬೇಕು.

ಬೆಳಗಿನ ಐದಕ್ಕೆ ಎದ್ದು ಒಂದು ಗಂಟೆ ಸಂಗೀತ ಕೇಳುವುದು ನಿವೃತ್ತಿಯ ನಂತರ ನಾನು ರೂಢಿಸಿಕೊಂಡ ಏಕೈಕ ಭೋಗ. ತಂದೆಯವರ ಕಾಲದಲ್ಲಿ ಮನೆಯಲ್ಲೊಂದು ರೇಡಿಯೋ ಇತ್ತು. ಅದರಲ್ಲಿ ಬೆಂಗಳೂರು ಆಕಾಶವಾಣಿಯ ಕಛೇರಿ ಬಂದರೆ ಗೊರಗೊರ ಶಬ್ದದ ನಡುವೆ ವೀಣೆಯನ್ನು ಹುಡುಕಿ ಕೇಳಬೇಕಾಗಿತ್ತು. ಈಗ ಮೊಬೈಲಿನಲ್ಲಿ ಬೇಕಾದವರ ಸಂಗೀತ ಬೇಕಾದಾಗ ಸಿಗುತ್ತದೆ. ಆದರೆ ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ಮಲಗಿರುತ್ತಾರೆ. "ನಿಮ್ಮ ಸಂಗೀತಕ್ಕೆ ನಾವೇಕೆ ಜಾಗರಣೆ ಮಾಡಬೇಕು?" ಎಂದು ನಮ್ಮ ಮನೆಯವರು ಕೇಳಿದ್ದರಲ್ಲಿ ನ್ಯಾಯವಿತ್ತು. ಹಾಗಾಗಿ ಇಯರ್‌ಫೋನು.

ಮೊದಲನೆಯದನ್ನು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಬಳಿ ನೂರಿಪ್ಪತ್ತು ರೂಪಾಯಿಗೆ ಕೊಂಡೆ. ಬಲಗಡೆ ಪರವಾಗಿಲ್ಲ, ಎಡಗಡೆ ಮಂಕು. ಕೊಟ್ಟ ಬೆಲೆಗೆ ಅಷ್ಟೇ ಎಂದುಕೊಂಡೆ. ಎರಡನೆಯದಕ್ಕೆ ಆರುನೂರು ಕೊಟ್ಟೆ. ಅದರಲ್ಲೂ ಎಡಗಡೆ ಮಂಕು. ಅಂಗಡಿಗೆ ಹೋಗಿ, ದೋಷವಿರುವ ಮಾಲು ಕೊಟ್ಟಿದ್ದೀಯೆಂದು ಹುಡುಗನೊಡನೆ ಜಗಳವಾಡಿದೆ. ಅವನು ತನ್ನ ಕಿವಿಗಿಟ್ಟು ನೋಡಿ, "ಸರಿಯಾಗೇ ಇದೆಯಲ್ಲ ಸಾರ್" ಎಂದ. ನಾನು ಬಿಡಲಿಲ್ಲ. ಮೇಷ್ಟ್ರೆಂಬ ಗೌರವಕ್ಕೋ ಏನೋ, ಮಾತಿಲ್ಲದೆ ಹೊಸದನ್ನು ಕೊಟ್ಟ. ಅದೂ ಹಾಗೆಯೇ. ಆಮೇಲೆ ಶಿಷ್ಯನೊಬ್ಬ ತಂತಿಯಿಲ್ಲದ ಜೋಡಿಯೊಂದನ್ನು ಉಡುಗೊರೆಯಾಗಿ ಕಳುಹಿಸಿದ. ಅದೂ ಎಡಗಡೆ ಮಂಕಾದಾಗ ಜಗತ್ತಿನ ಇಯರ್‌ಫೋನ್ ಕಾರ್ಖಾನೆಗಳೆಲ್ಲ ಎಡಭಾಗವನ್ನು ಅಲಕ್ಷ್ಯದಿಂದ ತಯಾರಿಸುತ್ತಿವೆ ಎಂಬ ತೀರ್ಮಾನಕ್ಕೆ ಬಂದೆ.

ಬೇಸಗೆ ರಜೆಗೆ ಬಂದಿದ್ದ ಮೊಮ್ಮಗ ನನ್ನ ದೂರನ್ನೆಲ್ಲ ಕೇಳಿ ಒಂದೇ ಮಾತು ಹೇಳಿದ: "ತಾತ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದ್ರಾ?"

ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿದವನು ನಾನು. ಒಂದನ್ನು ಬದಲಿಸಿ ಉಳಿದುದನ್ನು ಹಾಗೆಯೇ ಇಟ್ಟು ನೋಡಬೇಕೆಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ! ಬದಲಿಸಿ ಹಾಕಿಕೊಂಡೆ. ಮಂಕು ಎಡಗಡೆಯೇ ಉಳಿಯಿತು. ಕೆಟ್ಟಿದ್ದು ಇಯರ್‌ಫೋನಲ್ಲ, ನನ್ನ ಕಿವಿ.

ಕಿವಿಯ ವೈದ್ಯರಲ್ಲಿಗೆ ಹೋದೆ. ಶಬ್ದ ಹೊರಗಿನಿಂದ ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಯೊಳಗೆ ಸ್ಪಂಜಿನ ತುಂಡೊಂದನ್ನು ತುರುಕಿ, ಸ್ವರಗಳನ್ನು ಕೇಳಿಸಿ ನಕ್ಷೆ ತೆಗೆದರು. ಬಲಗಿವಿಯ ಗೆರೆ ವಯಸ್ಸಿಗೆ ತಕ್ಕಂತೆ ಇಳಿದಿತ್ತು. ಎಡಗಿವಿಯದು 2000 ಹರ್ಟ್ಸ್ ದಾಟಿದ ಮೇಲೆ ನಂದಿಬೆಟ್ಟದ ಕಡಿದಾದ ಪಕ್ಕದಂತೆ ಕೆಳಗೆ ಬಿದ್ದಿತ್ತು. ವಯಸ್ಸಿನಿಂದ ಬರುವ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಸಮವಾಗಿ ಬರುತ್ತದೆಯಂತೆ. ಒಂದೇ ಕಡೆ ಹೆಚ್ಚಿದ್ದರೆ ಕಾರಣವೇನೆಂದು ಪರೀಕ್ಷಿಸಲೇಬೇಕಂತೆ. ಪರೀಕ್ಷಿಸಿ, ಬೇರೆ ಅಪಾಯವಿಲ್ಲವೆಂದು ತಿಳಿಸಿದರು. ನಮ್ಮ 'ಸ', 'ಶ', 'ಚ' ಮೊದಲಾದ ವ್ಯಂಜನಗಳು ಮುಖ್ಯವಾಗಿ ನೆಲೆಸಿರುವುದು ಆ ಮೇಲಿನ ಕಂಪನಾಂಕಗಳಲ್ಲಿಯೇ. ಫೋನಿನಲ್ಲಿ ಸೊಸೆ "ಸಾರು" ಎಂದದ್ದು "ಚಾರು" ಎಂದೋ "ಹಾರು" ಎಂದೋ ನನಗೆ ಕೇಳಿಸುತ್ತಿದ್ದುದರ ಗುಟ್ಟು ಅಲ್ಲಿ ತಿಳಿಯಿತು.

ಅಲ್ಲಿ ನನ್ನ ಕಿವಿಗಿಟ್ಟ ಸ್ಪಂಜಿನ ಸಾಧನಕ್ಕೂ ನೀವು ಹಾಕಿಕೊಳ್ಳುವ ಇಯರ್‌ಫೋನಿಗೂ ನಂಟಿದೆ. 1991ರಲ್ಲಿ ಅಮೆರಿಕದ ಎಟಿಮೋಟಿಕ್ ಸಂಸ್ಥೆ ಹೊರತಂದ ಇಆರ್-4 ಎಂಬುದು ಕಿವಿಯ ನಾಳವನ್ನು ಮುಚ್ಚಿ ಕೂರುವ ಇಯರ್‌ಫೋನುಗಳಲ್ಲಿ ಬಹು ಪ್ರಸಿದ್ಧವಾದುದು. ಅದನ್ನು ರೂಪಿಸಿದ ಮೀಡ್ ಕಿಲಿಯನ್ ಶ್ರವಣಯಂತ್ರಗಳಲ್ಲಿ ಪಳಗಿದವರು. ಕಿವಿ ಕೇಳದವರಿಗಾಗಿ ಬೆಳೆದ ವಿದ್ಯೆ ಕೇಳುವವರ ಸುಖಕ್ಕೂ ಒದಗಿತು.

ಈಗ ಆಯ್ಕೆಯ ವಿಚಾರ. ಇಯರ್‌ಫೋನಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಎಲ್ಲಕ್ಕಿಂತ ಅಗ್ಗವಾದ ಭಾಗ, ಅಂದರೆ ತುದಿಯ ರಬ್ಬರು. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೋಡಿ ಕೊಟ್ಟಿರುತ್ತಾರೆ. ಬಹಳ ಮಂದಿ ಮೊದಲೇ ತೊಡಿಸಿರುವುದನ್ನು ಬಿಟ್ಟು ಉಳಿದವನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ತುಸು ಬಾಗಿದ ಕೊಳವೆ. ರಬ್ಬರು ಅದನ್ನು ಸುತ್ತಲೂ ಮುಚ್ಚಿದರೆ ಮಾತ್ರ ಮೃದಂಗದ ಎಡಭಾಗದಂತಹ ತಗ್ಗು ನಾದ ಒಳಗೆ ನಿಲ್ಲುತ್ತದೆ. ಸಂದಿ ಉಳಿದರೆ, ಗಾಳಿ ಸೋರುವ ಸೈಕಲ್ ಪಂಪಿನಲ್ಲಿ ಒತ್ತಡ ಹುಟ್ಟದಂತೆ, ತಗ್ಗು ನಾದವೆಲ್ಲ ಹೊರಗೆ ಸೋರುತ್ತದೆ. ಆಗ ಐದು ಸಾವಿರದ ಇಯರ್‌ಫೋನೂ ತಗಡಿನ ಡಬ್ಬಿಯಂತೆ ಕೇಳಿಸುತ್ತದೆ. ಎರಡು ಕಿವಿಗಳ ನಾಳ ಒಂದೇ ಅಳತೆಯದಾಗಿರಬೇಕೆಂಬ ನಿಯಮವಿಲ್ಲ. ನನಗೆ ಎಡಕ್ಕೆ ಮಧ್ಯಮ, ಬಲಕ್ಕೆ ಸಣ್ಣದು ಸರಿಹೊಂದಿತು. ಕಿವಿಯ ಮೇಲ್ತುದಿಯನ್ನು ಇನ್ನೊಂದು ಕೈಯಿಂದ ಹಿಂದಕ್ಕೂ ಮೇಲಕ್ಕೂ ಎಳೆದು ಹಿಡಿದು ತೂರಿಸಿದರೆ ಸಲೀಸಾಗಿ ಕೂರುತ್ತದೆ. ಹಾಕಿಕೊಂಡು 'ಊಂ' ಎನ್ನಿರಿ. ನಿಮ್ಮ ಸ್ವರ ತಲೆಯೊಳಗೇ ಮೊಳಗಿದರೆ ಸರಿಯಾಗಿ ಕೂತಿದೆಯೆಂದು ಅರ್ಥ. ತೆಗೆಯುವಾಗ ಒಮ್ಮೆಲೇ ಕೀಳದೆ ಮೆಲ್ಲನೆ ತಿರುಗಿಸುತ್ತ ತೆಗೆಯಬೇಕು.

ಅರ್ಧ ಗಂಟೆಯಲ್ಲಿ ನೋಯುವುದಾದರೆ ಎಷ್ಟು ಚೆನ್ನಾಗಿ ನುಡಿದರೂ ಅದು ನಿಮ್ಮದಲ್ಲ. ತಂತಿ ಕಿವಿಯ ಹಿಂದಿನಿಂದ ಸುತ್ತಿ ಬರುವ ಮಾದರಿಯಲ್ಲಿ ಭಾರ ಕಿವಿಯ ಮೇಲೆ ಹಂಚಿಹೋಗುತ್ತದೆ, ತಂತಿ ಅಂಗಿಗೆ ಉಜ್ಜಿದ ಸದ್ದೂ ಕಡಿಮೆ. ಕನ್ನಡಕದವರಿಗೆ ಮೊದಲೆರಡು ದಿನ ಕಿರಿಕಿರಿಯೆನಿಸೀತು.

ಬೆಲೆಗೂ ನಾದಕ್ಕೂ ಇರುವ ಸಂಬಂಧ ನಾವು ತಿಳಿದಷ್ಟಿಲ್ಲ. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 280ಕ್ಕೂ ಹೆಚ್ಚು ಹೆಡ್‌ಫೋನು ಇಯರ್‌ಫೋನುಗಳ ನಾದದ ಏರಿಳಿತವನ್ನು ಅಳೆದು, ಅದಕ್ಕೂ ಬೆಲೆಗೂ ಹೇಳಿಕೊಳ್ಳುವಂತಹ ಸಂಬಂಧ ಕಾಣಲಿಲ್ಲವೆಂದು ಬರೆದರು. ಡಬ್ಬಿಯ ಮೇಲೆ '20ರಿಂದ 20,000 ಹರ್ಟ್ಸ್' ಎಂದು ಎಲ್ಲರೂ ಅಚ್ಚು ಹಾಕುತ್ತಾರೆ, ಅದರಿಂದ ಏನೂ ತಿಳಿಯದು. ಕೆಝಡ್, ಮೂನ್‌ಡ್ರಾಪ್ ಮುಂತಾದ ಚೀನೀ ಕಂಪನಿಗಳು ಬಂದ ಮೇಲೆ ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಬಹಳ ಒಳ್ಳೆಯ ತಂತಿಯ ಇಯರ್‌ಫೋನುಗಳು ಸಿಗುತ್ತಿವೆ. ನಮ್ಮಂತಹವರಿಗೆ ಅದಕ್ಕಿಂತ ಹೆಚ್ಚು ಖರ್ಚು ಅನಾವಶ್ಯಕವೆಂಬುದು ನನ್ನ ಅಭಿಪ್ರಾಯ. ಫೋನಿನಲ್ಲಿ ದುಂಡನೆಯ ರಂಧ್ರವಿಲ್ಲದಿದ್ದರೆ ಟೈಪ್-ಸಿ ತುಂಡುತಂತಿಯೊಂದು ಬೇಕಾದೀತು. ತಂತಿಯಿಲ್ಲದವು ಓಡಾಡಲು ಅನುಕೂಲ, ನಿಜ. ಆದರೆ ಒಳಗಿನ ಪುಟ್ಟ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಹೆಚ್ಚಿನವುಗಳಲ್ಲಿ ಅದನ್ನು ಬದಲಿಸುವ ಏರ್ಪಾಡಿಲ್ಲ. ಪಿಂಚಣಿಯಲ್ಲಿ ಬದುಕುವವನಿಗೆ ಇದು ಒಪ್ಪುವ ಮಾತಲ್ಲ.

ಕೊಳ್ಳುವ ಮುನ್ನ ಏನು ಕೇಳಿ ಪರೀಕ್ಷಿಸಬೇಕು? ಸಿನಿಮಾ ಹಾಡು ಬೇಡ, ಬರಿಯ ತಂಬೂರಿಯ ಧ್ವನಿಮುದ್ರಣ ಹಾಕಿ. ಸರ್ ಸಿ. ವಿ. ರಾಮನ್‌ರು 1921ರಲ್ಲಿ ವೀಣೆ, ತಂಬೂರಿಗಳ ಕುರಿತು ಬರೆದ ಲೇಖನವೊಂದಿದೆ. ಮೀಟಿದ ಜಾಗದ ನಿಯಮದಂತೆ ಇರಲೇಬಾರದ ಮೇಲುಸ್ವರಗಳು ಕೂಡ ಈ ವಾದ್ಯಗಳಲ್ಲಿ ಕೇಳಿಬರುತ್ತವೆ, ಅದಕ್ಕೆ ಕಾರಣ ಬಾಗಿದ ಕುದುರೆಯ ಮೇಲೆ ತಂತಿ ತಾಗುತ್ತ ಬಿಡುತ್ತ ಕಂಪಿಸುವುದು ಎಂದು ಅದರಲ್ಲಿ ತೋರಿಸಿದರು. ತಗ್ಗಿನಿಂದ ಮೇಲಿನವರೆಗೆ ನಾದದ ಇಡೀ ಏಣಿ ಒಂದೇ ಮೀಟಿನಲ್ಲಿ ಸಿಗುವುದರಿಂದ ಒಳ್ಳೆಯ ಇಯರ್‌ಫೋನಿನಲ್ಲಿ ಆ ಝೇಂಕಾರ ಜೀವಂತವಾಗಿರುತ್ತದೆ, ಕೆಟ್ಟದ್ದರಲ್ಲಿ ಜೇನ್ನೊಣದ ಗುಂಯ್‌ಗುಡುವಿಕೆಯಾಗುತ್ತದೆ. ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋದಾಗ ವೇದಿಕೆಯ ಹತ್ತಿರ ಕುಳಿತು ಕೇಳಿ ನೋಡಿ. ಆ ನೆನಪೇ ಒರೆಗಲ್ಲು.

ಇನ್ನು ಜೋರಿನ ಮಾತು. 1990ರ ದಶಕದಲ್ಲಿ ಮಕ್ಕಳನ್ನು ಗೌರಿಬಿದನೂರಿನ ರೇಡಿಯೋ ದೂರದರ್ಶಕ ತೋರಿಸಲು ಕರೆದೊಯ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಯಲಿನಲ್ಲಿ 'ಟಿ' ಆಕಾರಕ್ಕೆ ನೆಟ್ಟ ಸಾವಿರ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿದ್ದವು. ಇದನ್ನು ಬೆಂಗಳೂರಿನಲ್ಲೇ ಏಕೆ ಕಟ್ಟಲಿಲ್ಲವೆಂದು ಒಬ್ಬ ಹುಡುಗ ಕೇಳಿದ್ದ. ಊರಿನ ವಿದ್ಯುತ್ ಗದ್ದಲದಲ್ಲಿ ನಕ್ಷತ್ರದ ಪಿಸುಮಾತು ಮುಳುಗಿಹೋಗುತ್ತದೆ, ಅದಕ್ಕೆಂದೇ ದೂರ ಬಂದರು ಎಂದಿದ್ದೆ. ಇಯರ್‌ಫೋನಿಗೂ ಅದೇ ತತ್ವ. ಶಿಡ್ಲಘಟ್ಟದ ಬಸ್ಸಿನಲ್ಲಿ ಎಂಜಿನ್ನು, ಹಾರನ್ನು, ಡ್ರೈವರಿನ ಹಾಡು ಎಲ್ಲವನ್ನೂ ಮೀರಿಸಲು ನೀವು ಸದ್ದು ಏರಿಸುತ್ತೀರಿ. ರಬ್ಬರು ಸರಿಯಾಗಿ ಮುಚ್ಚಿದ್ದರೆ ಹೊರಗಿನ ಗದ್ದಲವೇ ತಗ್ಗುತ್ತದೆ, ಸದ್ದು ಏರಿಸುವ ಪ್ರಮೇಯವಿರದು. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ದೊಡ್ಡವರಿಗೆ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಲೆಕ್ಕ ಮುಂದುವರಿಸುವುದು ನಿಮಗೆ ಬಿಟ್ಟದ್ದು. ರಸ್ತೆ ದಾಟುವಾಗ ಮಾತ್ರ ದಯವಿಟ್ಟು ತೆಗೆದುಬಿಡಿ.

ನಕ್ಷೆ ಹಿಡಿದು ಮನೆಗೆ ಬಂದ ದಿನ ನಮ್ಮ ಮನೆಯವರು ನಕ್ಕರು. "ನಾನು ಮಾತನಾಡುತ್ತಿದ್ದರೆ ನೀವು ಎಡಕ್ಕೆ ತಿರುಗಿ ಗೋಡೆ ನೋಡುತ್ತೀರಲ್ಲ, ಅಸಡ್ಡೆಯೆಂದು ತಿಳಿದಿದ್ದೆ" ಎಂದರು. ನನಗೇ ಅರಿವಿಲ್ಲದೆ ಬಲಗಿವಿಯನ್ನು ಅವರ ಕಡೆಗೆ ತರಲು ಮುಖವನ್ನು ಎಡಕ್ಕೆ ಹೊರಳಿಸುತ್ತಿದ್ದೆ. ಅವರ ನಗುವಿನಲ್ಲಿ ನನಗೆ ಪಾಲುಗೊಳ್ಳಲಾಗಲಿಲ್ಲ. ಹಾಗೆ ಎಡಕ್ಕೆ ತಿರುಗುವ ಇನ್ನೊಂದು ಮುಖ ಕಣ್ಣಮುಂದೆ ಬಂದಿತ್ತು.

ಶಿಡ್ಲಘಟ್ಟ ತಾಲ್ಲೂಕು ಆಗಿನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಅಲ್ಲಿ ನಾನಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೊನೆಯ ಸಾಲಿನಲ್ಲಿ, ಎಡಗಡೆಯ ಕಿಟಕಿಯ ಪಕ್ಕ ಕೂರುತ್ತಿದ್ದ. ರೇಷ್ಮೆ ನೂಲು ತೆಗೆಯುವವರ ಮನೆಯವನು. ಬಟ್ಟೆಗೆ ಬೇಯಿಸಿದ ಗೂಡಿನ ವಾಸನೆಯಿರುತ್ತಿತ್ತು. ಪಾಠ ಶುರುವಾದೊಡನೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತಿದ್ದ. ಪ್ರಶ್ನೆ ಕೇಳಿದರೆ ಎದ್ದುನಿಂತು ಸುಮ್ಮನಿರುತ್ತಿದ್ದ. ಹೊರಗಿನ ಹುಣಸೆಮರದಲ್ಲಿ ಅಂತಹದ್ದೇನಿದೆಯೆಂದು ಕೇಳಿ ತರಗತಿಯನ್ನು ನಗಿಸಿದ್ದೇನೆ. ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಒಂದು ದಿನ, 'ಶಬ್ದ'ದ ಪಾಠ ನಡೆಯುತ್ತಿದ್ದಾಗಲೇ, ಬೆತ್ತದಿಂದ ಹೊಡೆದೆ. ಅವನ ಎಡಗಿವಿಯಲ್ಲಿ ಹತ್ತಿಯ ಉಂಡೆ ಇರುತ್ತಿತ್ತು, ಬೆಳ್ಳುಳ್ಳಿ ಎಣ್ಣೆಯ ವಾಸನೆ ಬರುತ್ತಿತ್ತು. ದಿನವೂ ನೋಡಿದ್ದೆ. ಶಬ್ದ ಮಾಧ್ಯಮದ ಮೂಲಕ ಹೇಗೆ ಚಲಿಸುತ್ತದೆ ಎಂದು ವಿವರಿಸುತ್ತಿದ್ದವನಿಗೆ ಆ ಹತ್ತಿಯ ಅರ್ಥ ಹೊಳೆಯಲಿಲ್ಲ. ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ನೂಲಿನ ಕೆಲಸಕ್ಕೆ ಸೇರಿದನೆಂದು ಮಕ್ಕಳು ಹೇಳಿದರು. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದೆ, ಅಷ್ಟೆ.

ಮುಂದಿನ ಸಾಲಿನಲ್ಲಿ, ಬಲಗಿವಿ ನನ್ನ ಕಡೆಗಿರುವಂತೆ ಕೂರಿಸಿದ್ದರೆ ಸಾಕಾಗಿತ್ತು. ಅದಕ್ಕೆ ನೂರಿಪ್ಪತ್ತು ರೂಪಾಯಿಯೂ ಬೇಕಿರಲಿಲ್ಲ.

ಈಗ ನನ್ನಲ್ಲಿರುವುದು ಸಾವಿರದ ಎಂಟುನೂರು ರೂಪಾಯಿಯ ತಂತಿಯ ಜೋಡಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಎಡಬಲ ಸದ್ದಿನ ಸಮತೋಲನ ಬದಲಿಸುವ ಪಟ್ಟಿಯಿದೆ, ಮೊಮ್ಮಗ ತೋರಿಸಿಕೊಟ್ಟ. ಎಡಕ್ಕೆ ತುಸು ಸರಿಸಿಕೊಂಡಿದ್ದೇನೆ. ಹಳೆಯ ಆರುನೂರರದ್ದನ್ನು ಅಂಗಡಿಯ ಹುಡುಗನಿಗೆ ಮರಳಿಸಿ, ತಪ್ಪು ನನ್ನದೆಂದು ಹೇಳಿ ಬಂದೆ. ಅವನು ಚಹಾ ತರಿಸಿದ.

ಆ ಹುಡುಗ 1994-95ರ ಸಾಲಿನ ಒಂಬತ್ತನೆಯ ತರಗತಿ 'ಬಿ' ವಿಭಾಗದವನು. ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಕಿಟಕಿಯ ಪಕ್ಕ ಕೂರುತ್ತಿದ್ದವನೆಂದರೆ ಅವನ ಜೊತೆಯವರಿಗೆ ತಿಳಿಯುತ್ತದೆ. ಈಗ ಎಲ್ಲಿದ್ದಾನೆಂದು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ತಿಳಿಸಿ. ಶಿಡ್ಲಘಟ್ಟದಲ್ಲೇ ಇದ್ದರೆ ಮುಂದಿನ ವಾರವೇ ಹೋಗಿಬರುತ್ತೇನೆ.