ಅಧ್ಯಕ್ಷತೆ ವಾರಕ್ಕೊಬ್ಬರದು

ಗುಂಪನ್ನು ಮುನ್ನಡೆಸುವ ವಿದ್ಯೆಯನ್ನು ಕಲಿಯಬೇಕೆನ್ನುವವರು ಒಮ್ಮೆ ಹಳ್ಳಿಯ ಮಹಿಳಾ ಸ್ವಸಹಾಯ ಸಂಘದ ವಾರದ ಸಭೆಯನ್ನು ನೋಡಬೇಕು.

1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕರ್ನಾಟಕದಲ್ಲಿ ಇಂಥ ಸಣ್ಣ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಅವುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಕೆಲಸ ಶುರುಮಾಡಿತು. 2000-01ರಲ್ಲಿ ಇಂಥ ಮಹಿಳಾ ಸಂಘಗಳಿಗಾಗಿ ನಮ್ಮ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಸಂಘವೊಂದಕ್ಕೆ ಹೆಚ್ಚೆಂದರೆ 20 ಸದಸ್ಯರು.

ಚೆನ್ನಾಗಿ ನಡೆಯುವ ಸಂಘಗಳಲ್ಲಿ ಸಭೆಯ ಅಧ್ಯಕ್ಷತೆ ಸರದಿಯಂತೆ ಎಲ್ಲರಿಗೂ ಬರುತ್ತದೆ. ಎಲ್ಲರೂ ದುಂಡಗೆ ಕೂರುತ್ತಾರೆ. ಉಳಿತಾಯದ ಹಣವನ್ನು ಎಲ್ಲರೆದುರಿಗೇ ಎಣಿಸುತ್ತಾರೆ. ಈ ಸಲ ಸಾಲ ಯಾರಿಗೆ ಎಂಬ ಕಷ್ಟದ ಪ್ರಶ್ನೆಯನ್ನು ಮುಕ್ತವಾಗಿ ಚರ್ಚಿಸುತ್ತಾರೆ. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು.

ಇದರಲ್ಲಿ ದೊಡ್ಡ ಪಾಠವಿದೆ. ಜೋರು ದನಿಯವರನ್ನು ಮೆಲ್ಲಗೆ ತಡೆದು, ಸುಮ್ಮನೆ ಕೂತವರನ್ನು "ನೀನೇನಂತೀಯಕ್ಕ?" ಎಂದು ಕೇಳುವುದು ನಾಯಕತ್ವ. ತನ್ನ ಅಭಿಪ್ರಾಯವನ್ನು ಕೊನೆಗೆ ಇಟ್ಟುಕೊಂಡು, ತೀರ್ಮಾನ ಗುಂಪಿನ ಬಾಯಿಂದಲೇ ಬರುವ ತನಕ ಕಾಯುವುದು ನಾಯಕತ್ವ. ಹೀಗೆ ನಾಲ್ಕು ಜನರೆದುರು ಮಾತು ಕಲಿತ ಎಷ್ಟೋ ಹೆಣ್ಣುಮಕ್ಕಳು ಮುಂದೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದಾರೆ.

ಒಬ್ಬರೇ ವರ್ಷಗಟ್ಟಲೆ ಮೈಕು ಹಿಡಿದ ಕಡೆ ಎರಡನೆಯ ಸಾಲಿನವರು ಬೆಳೆಯುವುದೇ ಇಲ್ಲ. ನಿಮ್ಮ ಕಚೇರಿಯಿರಲಿ, ಯುವಕ ಸಂಘವಿರಲಿ, ಕನ್ನಡ ಕೂಟವಿರಲಿ, ಮುಂದಿನ ಸಭೆಯನ್ನು ಈವರೆಗೆ ನಡೆಸದವರೊಬ್ಬರ ಕೈಗೆ ಕೊಡಿ. ಪಕ್ಕದಲ್ಲಿ ಕೂತು ಬೆಂಬಲ ಕೊಡಿ.