ಫುನಾಫುಟಿಯ ಹೊಸ ನೆಲ

ಫಿಜಿಯ ಸುವಾದಿಂದ ಹೊರಟ ಚಿಕ್ಕ ವಿಮಾನ ಎರಡೂವರೆ ಗಂಟೆ ಬರೀ ನೀರಿನ ಮೇಲೆ ಹಾರುತ್ತದೆ. ಆಮೇಲೆ ಒಡೆದ ಹಸಿರು ಬಳೆಯ ಚೂರುಗಳಂತೆ ಫುನಾಫುಟಿ ಹವಳದ್ವೀಪ ಕಾಣಿಸುತ್ತದೆ. ಒಳಗಿನ ನೀರು ತಿಳಿಹಸಿರು, ಹೊರಗಿನದು ಕಡುನೀಲಿ. ವಿಮಾನ ಇಳಿಯುವ ಮುಂಚೆ ಕೆಳಗೆ ಸೈರನ್ ಕೂಗುತ್ತದೆ. ರನ್‌ವೇ ಮೇಲಿರುವವರೆಲ್ಲ ಪಕ್ಕಕ್ಕೆ ಸರಿಯಲಿ ಎಂದು. ವಿಮಾನ ಹೊರಟುಹೋದ ಮೇಲೆ ಆ ಬಯಲು ಮತ್ತೆ ಊರಿನದು. ಸಂಜೆಯಾದರೆ ವಾಲಿಬಾಲ್, ಫುಟ್‌ಬಾಲ್, ಮೋಟಾರು ಬೈಕಿನಲ್ಲಿ ಒಂದು ಸುತ್ತು. ಸೆಕೆ ತಾಳಲಾರದ ರಾತ್ರಿಗಳಲ್ಲಿ ಚಾಪೆ ಹಾಸಿಕೊಂಡು ಅಲ್ಲೇ ಮಲಗುವವರೂ ಉಂಟು.

ಒಂಬತ್ತು ದ್ವೀಪಗಳು, 26 ಚದರ ಕಿಲೋಮೀಟರ್ ನೆಲ, ಸುಮಾರು ಹನ್ನೊಂದು ಸಾವಿರ ಜನ. ತುವಾಲು ಎಂಬ ದೇಶ ಎಂದರೆ ಇಷ್ಟೇ. 1978ರಲ್ಲಿ ಸ್ವತಂತ್ರವಾಯಿತು, 2000ದಲ್ಲಿ ವಿಶ್ವಸಂಸ್ಥೆ ಸೇರಿತು. ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿಯ ಫೊಂಗಫಾಲೆ ಎಂಬ ಉದ್ದನೆಯ ದಿಬ್ಬದ ಮೇಲೆಯೇ ಇದ್ದಾರೆ. ಅದರ ತೀರಾ ಕಿರಿದಾದ ಕಡೆ ರಸ್ತೆಯಲ್ಲಿ ನಿಂತರೆ ಎಡಕ್ಕೂ ಬಲಕ್ಕೂ ಸಮುದ್ರ.

ಈ ರನ್‌ವೇಯನ್ನು ಮಾಡಿದ್ದು 1943ರಲ್ಲಿ, ಯುದ್ಧಕ್ಕಾಗಿ ಬಂದ ಅಮೆರಿಕದ ಸೈನ್ಯ. ಅದಕ್ಕೆ ಬೇಕಾದ ಹವಳದ ಕಲ್ಲನ್ನು ಊರೊಳಗಿಂದಲೇ ಅಗೆದು, ಗುಂಡಿಗಳನ್ನು ಹಾಗೆಯೇ ಬಿಟ್ಟು ಹೋದರು. ಉಪ್ಪುನೀರು ತುಂಬಿ ಕಸ ತೇಲುವ ಆ ಹೊಂಡಗಳ ಅಂಚಿನಲ್ಲೇ ಬಡವರು ಮನೆ ಕಟ್ಟಿಕೊಂಡರು. ಅವನ್ನು ಮುಚ್ಚಿದ್ದು 2015ರಲ್ಲಿ, ನ್ಯೂಜಿಲೆಂಡ್ ಕೊಟ್ಟ ಹಣದಿಂದ. ಅಗೆದವರು ಯಾರೋ, ತುಂಬಿದವರು ಯಾರೋ. ನಡುವಿನ ಎಪ್ಪತ್ತು ವರ್ಷ ಆ ನೀರಿನ ಪಕ್ಕದಲ್ಲಿ ಮಕ್ಕಳನ್ನು ಬೆಳೆಸಿದವರು ಮಾತ್ರ ಇಲ್ಲಿಯವರೇ.

ನಾನು ಉಳಿದುಕೊಂಡಿದ್ದ ಮನೆಯಾಕೆ ಒಂದು ಬೆಳಿಗ್ಗೆ ತನ್ನ ಪುಲಕ ಗುಂಡಿಯನ್ನು ತೋರಿಸಿದಳು. ಪುಲಕ ನಮ್ಮ ಕೆಸುವಿನ ಬಳಗದ ಗೆಡ್ಡೆ, ಎಲೆ ಮಾತ್ರ ಆಳೆತ್ತರ. ಹವಳದ ನೆಲದಲ್ಲಿ ಮಣ್ಣೆಂಬುದು ಇಲ್ಲವೇ ಇಲ್ಲವೆನ್ನಬೇಕು. ಹಾಗಾಗಿ ಸಿಹಿನೀರು ಸಿಗುವ ತನಕ ಗುಂಡಿ ತೋಡಿ, ಗಿಡದ ಬುಡಕ್ಕೆ ಸೊಪ್ಪು ತುಂಬುತ್ತಾ ತುಂಬುತ್ತಾ ಮಣ್ಣನ್ನು ಕೈಯಾರೆ ಮಾಡಿಕೊಳ್ಳುತ್ತಾರೆ. ತಲೆಮಾರುಗಳ ಕೆಲಸ ಅದು. ಆಕೆಯ ಗುಂಡಿಯಲ್ಲಿ ಎಲೆಗಳ ಅಂಚು ಸುಟ್ಟಂತೆ ಹಳದಿಯಾಗಿತ್ತು. ಒಂದು ಗೆಡ್ಡೆ ಕಿತ್ತು ಮುರಿದು ತೋರಿಸಿದಳು, ಒಳಗೆ ಕೊಳೆತಿತ್ತು. "ನೀರು ಉಪ್ಪಾಗಿದೆ. ಅಮ್ಮನ ಕಾಲದಲ್ಲಿ ಅಕ್ಕಿ ಅಂಗಡಿಯಿಂದ ತರುತ್ತಿರಲಿಲ್ಲ" ಎಂದಳು.

ಉಪ್ಪು ಬರುವುದು ದಂಡೆಯ ಕಡೆಯಿಂದಷ್ಟೇ ಅಲ್ಲ, ಕೆಳಗಿನಿಂದಲೂ. ಹವಳದ್ವೀಪ ಹೇಗೆ ಹುಟ್ಟುತ್ತದೆಂಬ ಡಾರ್ವಿನ್‌ನ ವಾದವನ್ನು ಪರೀಕ್ಷಿಸಲು 1896ರಿಂದ 1898ರ ನಡುವೆ ಲಂಡನ್ನಿನ ರಾಯಲ್ ಸೊಸೈಟಿ ಇಲ್ಲೇ ಬಾವಿ ಕೊರೆಸಿತ್ತು. 340 ಮೀಟರ್ ಇಳಿದರೂ ಸಿಕ್ಕಿದ್ದು ಹವಳದ ಶಿಲೆಯೇ. ಆ ಶಿಲೆ ತೂತು ತೂತು. ವರ್ಷದ ಆರಂಭದ ತಿಂಗಳುಗಳಲ್ಲಿ ದೊಡ್ಡ ಭರತ ಬಂದಾಗ ಸಮುದ್ರ ಅಂಗಳದ ನಡುವಿನಿಂದಲೇ ಗುಳುಗುಳು ಎಂದು ಉಕ್ಕುತ್ತದೆ. ಎಷ್ಟೆತ್ತರದ ತಡೆಗೋಡೆ ಕಟ್ಟಿದರೂ ಇದನ್ನು ತಡೆಯಲಾಗದು. ನಾಸಾದ ಲೆಕ್ಕದಂತೆ ಮೂವತ್ತು ವರ್ಷಗಳಲ್ಲಿ ಇಲ್ಲಿನ ಸಮುದ್ರ ಮಟ್ಟ ಹತ್ತಿರ ಹತ್ತಿರ 15 ಸೆಂಟಿಮೀಟರ್ ಏರಿದೆ. ನೆಲವೇ ಎರಡು ಮೂರು ಮೀಟರ್ ಎತ್ತರ ಇರುವಲ್ಲಿ 15 ಸೆಂಟಿಮೀಟರ್ ಸಣ್ಣದಲ್ಲ.

ಹಾಗೆಂದು "ಮುಳುಗುತ್ತಿರುವ ದೇಶ" ಎಂದು ಬರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. 1971ರಿಂದ 2014ರ ವರೆಗಿನ ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳು, ಅಲೆಗಳು ಮರಳು ತಂದು ಸುರಿದ ಕಾರಣ ತುವಾಲುವಿನ ಒಟ್ಟು ನೆಲ ಶೇಕಡಾ 2.9ರಷ್ಟು ಹೆಚ್ಚಾಗಿದೆ ಎಂದು ಕಂಡುಕೊಂಡಿದ್ದಾರೆ. ದ್ವೀಪಗಳು ಸರಿದಾಡುತ್ತವೆ, ಬೆಳೆಯುತ್ತವೆ. ಆದರೆ ಮನೆ, ಆಸ್ಪತ್ರೆ, ಪುಲಕ ಗುಂಡಿ ಸರಿದಾಡಲಾರವು. ಕೊರತೆ ನೆಲದ್ದಷ್ಟೇ ಅಲ್ಲ, ನೀರಿನದೂ. ಇಲ್ಲಿ ನದಿಯಿಲ್ಲ, ತೊರೆಯಿಲ್ಲ, ಕುಡಿಯಲು ಸೂರಿನ ಮಳೆನೀರೇ ಗತಿ. 2011ರಲ್ಲಿ ಮಳೆ ಕೈಕೊಟ್ಟಾಗ ತುರ್ತು ಪರಿಸ್ಥಿತಿ ಸಾರಿ, ಉಪ್ಪು ತೆಗೆಯುವ ಯಂತ್ರಗಳನ್ನು ಹೊರಗಿನಿಂದ ವಿಮಾನದಲ್ಲಿ ತರಿಸಬೇಕಾಯಿತು.

ಈ ದೇಶದ ಗಳಿಕೆ ಟ್ಯೂನಾ ಮೀನುಗಾರಿಕೆಯ ಪರವಾನಗಿಯಿಂದ, ಡಾಟ್ ಟಿವಿ ಎಂಬ ಇಂಟರ್ನೆಟ್ ವಿಳಾಸದ ಬಾಡಿಗೆಯಿಂದ. ಹನ್ನೊಂದು ಸಾವಿರ ಜನಕ್ಕೆ ಭಾಗಿಸಿದರೆ ತಲಾ ಆದಾಯ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನೋಡಿ ತುವಾಲುವನ್ನು "ಅತಿ ಹಿಂದುಳಿದ ದೇಶ"ಗಳ ಪಟ್ಟಿಯಿಂದ ಕೈಬಿಡಬೇಕೆಂದು 2012ರಲ್ಲಿ ವಿಶ್ವಸಂಸ್ಥೆಯ ಸಮಿತಿ ಶಿಫಾರಸು ಮಾಡಿತು. ಕೈಬಿಟ್ಟರೆ ನೆರವಿನ ಎಷ್ಟೋ ಬಾಗಿಲುಗಳು ಮುಚ್ಚುತ್ತವೆ. ಒಂದು ಚಂಡಮಾರುತಕ್ಕೆ ವರ್ಷದ ದುಡಿಮೆ ಹೋಗುವ ನಾಡಿಗೆ ತಲಾ ಆದಾಯದ ಅಳತೆ ಹೇಗೆ ಸಾಕಾದೀತು? ನಿರ್ಧಾರವನ್ನು ಮುಂದೂಡುತ್ತಲೇ ಬಂದಿದ್ದಾರೆ. ಸಣ್ಣ ದ್ವೀಪರಾಷ್ಟ್ರಗಳು ಮೂವತ್ತು ವರ್ಷ ಪಟ್ಟು ಹಿಡಿದು ಕೇಳಿದ್ದ ಬೇರೊಂದು ಅಳತೆಗೋಲು, ಎಷ್ಟು ಸುಲಭವಾಗಿ ಪೆಟ್ಟು ತಿನ್ನುತ್ತವೆ ಎಂಬುದನ್ನೂ ಎಣಿಸುವಂಥದ್ದು, ವಿಶ್ವಸಂಸ್ಥೆಯಲ್ಲಿ ಒಪ್ಪಿಗೆ ಪಡೆದದ್ದು 2024ರಲ್ಲಷ್ಟೇ.

ಕಂಡದ್ದರಲ್ಲಿ ನನಗೆ ಹಿಡಿಸಿದ ನೆರವು ಎರಡು. ಒಂದು, 1987ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಸೇರಿ ಕಟ್ಟಿಕೊಟ್ಟ ತುವಾಲು ಟ್ರಸ್ಟ್ ಫಂಡ್. ಅಸಲು ಉಳಿಯುತ್ತದೆ, ಗಳಿಕೆ ಬಜೆಟ್ಟಿನ ಕೊರತೆ ತುಂಬುತ್ತದೆ, ಯಾವುದಕ್ಕೆ ಖರ್ಚು ಎಂಬುದನ್ನು ಇಲ್ಲಿಯವರೇ ನಿರ್ಧರಿಸುತ್ತಾರೆ. ಇನ್ನೊಂದು, ಹವಳದ ಬಳೆಯೊಳಗಿನ ಕಡಲಕೆರೆಯ ದಡದ ಹೊಸ ನೆಲ. ಕೆರೆಯ ತಳದ ಮರಳೆತ್ತಿ ಸುರಿದು 780 ಮೀಟರ್ ಉದ್ದ, 100 ಮೀಟರ್ ಅಗಲ ಎಬ್ಬಿಸಿದ್ದಾರೆ. ಅದರ ಮೇಲೆ ನಡೆದೆ. ಬೆಳ್ಳನೆಯ ಒರಟು ಮರಳು, ಕಾಲಡಿಗೆ ಚಿಪ್ಪಿನ ಚೂರು, ಹಳೆಯ ಊರು ಒಂದಾಳು ಕೆಳಗಿದ್ದಂತೆ ತೋರುತ್ತದೆ. ಈ ಶತಮಾನ ದಾಟಿದರೂ ಅಲೆಗೆ ಸಿಗದ ಎತ್ತರ ಎಂದು ಲೆಕ್ಕ ಹಾಕಿಯೇ ಮಾಡಿದ್ದು. ಹಣಕ್ಕೆ ಹಸಿರು ಹವಾಮಾನ ನಿಧಿ ಒಪ್ಪಿದ್ದು 2016ರಲ್ಲಿ, ನೆಲ ಎದ್ದದ್ದು 2023ರಲ್ಲಿ. ಬೆರಳೆಣಿಕೆಯ ಅಧಿಕಾರಿಗಳಿರುವ ಸರ್ಕಾರ ಅಂತಾರಾಷ್ಟ್ರೀಯ ನಿಧಿಗಳ ಅರ್ಜಿ, ವರದಿ, ಪರಿಶೀಲನೆಗಳನ್ನೆಲ್ಲ ದಾಟುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ.

ಅದೇ 2023ರಲ್ಲಿ ಆಸ್ಟ್ರೇಲಿಯಾದೊಂದಿಗೆ ಫಲೇಪಿಲಿ ಒಪ್ಪಂದವೂ ಆಯಿತು. ವರ್ಷಕ್ಕೆ 280 ಜನ ಅಲ್ಲಿ ಹೋಗಿ ನೆಲೆಸಬಹುದು. 2025ರ ಮೊದಲ ಲಾಟರಿಗೆ ಕುಟುಂಬದವರೂ ಸೇರಿ 8,750 ಜನ ಹೆಸರು ಕೊಟ್ಟರು. ಮನೆಯಾಕೆಯೂ ಕೊಟ್ಟಿದ್ದಳು, ಮಗನ ಓದಿಗೆಂದು. "ಹೋಗಲು ದಾರಿ ಇರಲಿ. ಆದರೆ ಹೋಗಲೇಬೇಕಾಗುವುದು ಬೇಡ" ಎಂದಳು. ನನ್ನ ಮಟ್ಟಿಗೆ ಮರಳು ಮೊದಲು, ವೀಸಾ ಆಮೇಲೆ. ತುವಾಲು ಸರ್ಕಾರದ ದೀರ್ಘಕಾಲದ ಯೋಜನೆ ಕೇಳುತ್ತಿರುವುದು 3.6 ಚದರ ಕಿಲೋಮೀಟರ್ ಎತ್ತರದ ನೆಲವನ್ನು. ನಾನು ನಡೆದದ್ದು ಅದರ ಹತ್ತಿರ ಹತ್ತಿರ ಐವತ್ತರಲ್ಲಿ ಒಂದು ಪಾಲು. ಒಂದು ಪಾಲಿಗೆ ಏಳು ವರ್ಷ ತೆಗೆದುಕೊಂಡ ಜಗತ್ತು ಉಳಿದದ್ದಕ್ಕೆ ಇದೇ ವೇಗದಲ್ಲಿ ಹೊರಟರೆ, ಆಕೆಯ ಮಗನಿಗೆ ಆಯ್ಕೆ ಎಂಬುದು ಉಳಿಯುವುದಿಲ್ಲ.