ಕಾಸರಕೋಡಿನ ಮೋಟುಗೋವಿ

ಹೊನ್ನಾವರದಿಂದ ಶರಾವತಿಯ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಮೊದಲು ದೊರೆಯುವ ಊರೇ ಕಾಸರಕೋಡು. ಒಂದು ಮಗ್ಗುಲಿಗೆ ನದಿಯ ಅಳಿವೆ, ಇನ್ನೊಂದು ಮಗ್ಗುಲಿಗೆ ಸಮುದ್ರ, ದಂಡೆಯುದ್ದಕ್ಕೂ ಗಾಳಿಮರಗಳ ತೋಪು. 2020ರಲ್ಲಿ ಇಲ್ಲಿಯ ಕಡಲತೀರಕ್ಕೆ ನೀಲಿಧ್ವಜದ ಮನ್ನಣೆ ದೊರೆತಂದಿನಿಂದ ದೂರದ ಜನರೂ ಬರಹತ್ತಿದ್ದಾರೆ. ನಾನಾದರೋ ಸಮುದ್ರವನ್ನು ನೋಡಲಿಕ್ಕೆ ಹೋದವನಲ್ಲ. ಹಳೆಯ ಶಿಷ್ಯನೊಬ್ಬನು ಒಂದು ಕೋವಿಯ ವಿಷಯವಾಗಿ ಸಲಹೆ ಕೇಳಿ ಕರೆದಿದ್ದನು.

ಊರ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ ಅವನ ಅಡಕೆಯ ತೋಟ. ತಂದೆಯು ತೀರಿಕೊಂಡು ಎರಡು ವರುಷಗಳಾಗಿದ್ದವು. ಅಟ್ಟವನ್ನು ಚೊಕ್ಕಟ ಮಾಡುವಾಗ ಕಂಬಳಿಯಲ್ಲಿ ಸುತ್ತಿಟ್ಟ ಕೋವಿಯು ಕೈಗೆ ಬಂದಿತ್ತು. ಅದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ; ನಳಿಗೆಯ ತುದಿಯನ್ನು ಗರಗಸದಿಂದ ಕೊಯ್ದು ಅರ ಹಾಕಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಉಳಿದ ನಳಿಗೆಯನ್ನು ಅಳೆದರೆ 22 ಅಂಗುಲ. ಮಾವನವರ ಕಾಲದಲ್ಲಿಯೇ ಅದನ್ನು ಮೋಟು ಮಾಡಿದ್ದೆಂದು ಶಿಷ್ಯನ ತಾಯಿಯವರು ಹೇಳಿದರು.

ಹೀಗೇಕೆ ಮಾಡುತ್ತಿದ್ದರು? ಕಾರಣವು ಸರಳವಾದದ್ದು. ಉದ್ದ ಕೋವಿಯು ಬಳ್ಳಿಗಳಲ್ಲಿಯೂ ಮುಳ್ಳುಮಟ್ಟಿಗಳಲ್ಲಿಯೂ ಸಿಕ್ಕಿಕೊಳ್ಳುವದು, ದೋಣಿಯಲ್ಲಿ ಅಡ್ಡವಾಗುವದು, ಕಾವಲಿನ ಮಾಳದಲ್ಲಿ ಕುಳಿತವನು ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿಯಬೇಕಾದರೆ ಎದ್ದೇ ನಿಲ್ಲಬೇಕಾಗುವದು. ಮೋಟುಗೋವಿಯಾದರೆ ತೊಡೆಯ ಮೇಲಿಟ್ಟುಕೊಂಡೇ ತುಂಬಬಹುದು. ಉತ್ತರ ಅಮೇರಿಕೆಯಲ್ಲಿಯೂ ಇದೇ ನಡೆಯಿತು. 1670ರಲ್ಲಿ ಸ್ಥಾಪಿತವಾದ ಹಡ್ಸನ್ ಬೇ ಕಂಪನಿಯವರು ತೊಗಲುಗಳಿಗೆ ಬದಲಾಗಿ ಅಲ್ಲಿಯ ಮೂಲನಿವಾಸಿಗಳಿಗೆ ಹಗುರವಾದ ಬಂದೂಕುಗಳನ್ನು ಕೊಡುತ್ತಿದ್ದರು. ಅವುಗಳ ಪಕ್ಕದಲ್ಲಿ ಸರ್ಪಾಕೃತಿಯ ಹಿತ್ತಾಳೆಯ ತಗಡು ಇರುತ್ತಿತ್ತು. ಅದಿಲ್ಲದಿದ್ದರೆ ಕೊಳ್ಳುವವರು ನಂಬುತ್ತಿರಲಿಲ್ಲ. ಕೊಂಡವರು ಕುದುರೆಯ ಮೇಲೆ ಅನುಕೂಲವಾಗಲೆಂದು ಅನೇಕ ವೇಳೆ ನಳಿಗೆಯನ್ನು ಕೊಯ್ದುಕೊಳ್ಳುತ್ತಿದ್ದರು.

ನಮ್ಮ ದೇಶದ ಹೆಸರು ಹೊತ್ತ ಕೋವಿಯೂ ಗಿಡ್ಡವಾದದ್ದೇ. ಇಂಗ್ಲಿಷರ ಹಳೆಯ ಸೈನಿಕ ಬಂದೂಕಿನ ನಳಿಗೆ 46 ಅಂಗುಲವಿತ್ತು. ಬಳಿಕ 42 ಆಯಿತು. ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಸಿಪಾಯಿಗಳಿಗಾಗಿ 39 ಅಂಗುಲದ್ದನ್ನು ಮಾಡಿಸಿದರು. ಫ್ರಾನ್ಸದೊಡನೆ ಯುದ್ಧ ಬಂದು ಆಯುಧಗಳಿಗೆ ಕೊರತೆಯಾದಾಗ ಇಂಗ್ಲೆಂಡದ ಸರಕಾರವೂ ಅದನ್ನೇ ಸ್ವೀಕರಿಸಿತು. ‘ಇಂಡಿಯಾ ಮಾದರಿ’ ಎಂದೇ ಅದರ ಹೆಸರು.

ಶಿಷ್ಯನ ಮಗನು, “ಅಜ್ಜ, ನಮ್ಮ ಪುರಾಣದ ಕಾಲದಲ್ಲಿ ಕೋವಿ ಇರಲಿಲ್ಲವೇ?” ಎಂದು ಕೇಳಿದನು. ಶುಕ್ರನೀತಿಯಲ್ಲಿ ನಾಲಿಕಾಸ್ತ್ರದ ಮತ್ತು ಅಗ್ನಿಚೂರ್ಣದ ವರ್ಣನೆಯಿರುವದು ನಿಜ. ಆದರೆ ಆ ಗ್ರಂಥವು ಇಂದಿನ ರೂಪದಲ್ಲಿ ಬಹಳ ಈಚಿನದೆಂದು ಅನೇಕ ವಿದ್ವಾಂಸರ ಮತ. ಸಂಸ್ಕೃತದಲ್ಲಿ ಬರೆದದ್ದೆಲ್ಲವೂ ಪ್ರಾಚೀನವಲ್ಲ ಎಂದು ಹುಡುಗನಿಗೆ ಹೇಳಿದೆನು.

ಈ ಅಳಿವೆಯು ಮದ್ದಿನ ಹೊಗೆಯನ್ನು ಕಂಡದ್ದು ಸಣ್ಣದಲ್ಲ. 1505ರಲ್ಲಿ ಪೋರ್ತುಗೀಜರ ಅಲ್ಮೇಡನು ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟನು. 1783ರ ಜನೇವರಿಯಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸನು ಕೋಟೆಯನ್ನು ಹಿಡಿದನು. ಟೀಪೂವಿನ ಸೈನ್ಯವು ಮುತ್ತಿಗೆ ಹಾಕಲು ಕ್ಯಾಪ್ಟನ್ ಟೋರಿಯಾನೋ ಎಂಬವನು 1784ರಲ್ಲಿ ಮಂಗಳೂರ ಒಪ್ಪಂದವಾಗುವ ವರೆಗೂ ಅಲ್ಲಿ ತಡೆದು ನಿಂತನು. ಇಂದು ಆ ಅಳಿವೆಯಲ್ಲಿ ಕೇಳುವದು ಮೀನುದೋಣಿಗಳ ಸಪ್ಪಳ ಮಾತ್ರ.

ಇನ್ನು ಸಲಹೆಯ ಮಾತು. ಪೇಟೆಯ ಒಬ್ಬ ಹಳೆಯ ಸಾಮಾನಿನ ವ್ಯಾಪಾರಿಯು ಒಳ್ಳೆಯ ಬೆಲೆಯನ್ನು ಹೇಳಿದ್ದನಂತೆ. “ಇಷ್ಟು ಹಳೆಯದಕ್ಕೆ ಪರವಾನಗಿ ಬೇಕಿಲ್ಲವೆಂದು ಅವನು ಹೇಳುತ್ತಾನೆ, ಮಾಸ್ತರೇ” ಎಂದನು ಶಿಷ್ಯ. ಈ ಮಾತು ಅರ್ಧಸತ್ಯ. 1959ರ ಆಯುಧ ಕಾಯಿದೆಯಂತೆ, ದುರಸ್ತಿ ಮಾಡಿದರೂ ಹಾರಿಸಲಿಕ್ಕೆ ಬಾರದಂಥ ಹಳೆಯ ಆಯುಧಕ್ಕೆ ಮಾತ್ರ ವಿನಾಯಿತಿ. ಈ ಕೋವಿಯ ಕುದುರೆಯು ಇನ್ನೂ ಚೆನ್ನಾಗಿ ಏಳುತ್ತಿತ್ತು. ಅದೇ ಕಾಯಿದೆಯ 6ನೆಯ ಕಲಮು ಪರವಾನಗಿಯಿಲ್ಲದೆ ನಳಿಗೆಯನ್ನು ಮೋಟು ಮಾಡುವದನ್ನು ನಿಷೇಧಿಸಿದೆ; ಅಡಗಿಸಲು ಸುಲಭವಾದದ್ದು ದುಷ್ಟನಿಗೂ ಸುಲಭವೆಂಬುದೇ ಅದರ ತಾತ್ಪರ್ಯ. ಕೊಡಗಿನವರಿಗೆ ಪರವಾನಗಿಯ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರ ವರೆಗೆ ಮುಂದುವರಿಸಿತು. ನಮ್ಮ ಜಿಲ್ಲೆಗೆ ಅದಿಲ್ಲ. ಇಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದೇ ಕೋವಿ ಇಡತಕ್ಕದ್ದು. ಪರವಾನಗಿದಾರನು ಮೃತನಾದರೆ ವಾರಸದಾರರು ತಡಮಾಡದೆ ಅದನ್ನು ಪೋಲೀಸ ಠಾಣೆಯಲ್ಲಿಯಾಗಲಿ ಅಧಿಕೃತ ವ್ಯಾಪಾರಿಯಲ್ಲಿಯಾಗಲಿ ಒಪ್ಪಿಸತಕ್ಕದ್ದು.

ತಾಯಿಯವರು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. “ಮಾಸ್ತರೇ, ಮಂಗ ಬಂದ ದಿವಸ ಇವರು ಇದನ್ನು ಹಿಡಿದುಕೊಂಡು ತೋಟಕ್ಕೆ ಇಳಿಯುತ್ತಿದ್ದರು. ಇದು ಮನೆಯಲ್ಲಿದ್ದರೆ ಅವರೂ ಇದ್ದ ಹಾಗೆ” ಎಂದರು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಆಮೇಲೆ ನನ್ನ ನೌಕರಿಯ ಆರಂಭದ ಒಂದು ಸಂಗತಿಯನ್ನು ಹೇಳಿದೆನು. ಘಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿಯ ತಂದೆಯು ಇಂಥದೇ ಮೋಟುಗೋವಿಯನ್ನು ತುಂಬಿದ್ದನು. ತುಕ್ಕು ತಿಂದ ನಳಿಗೆಯು ಒಡೆದು ಎಡಗೈಯ ಮೂರು ಬೆರಳುಗಳು ಹೋದವು. ತೋಟದ ಕೆಲಸವು ಹುಡುಗನ ಮೇಲೆ ಬಿದ್ದಿತು. ರಘುವಂಶದ ಮೊದಲನೆಯ ಸರ್ಗವನ್ನು ಅರ್ಧಕ್ಕೆ ಬಿಟ್ಟು ಹೋದ ಆ ಜಾಣ ಹುಡುಗನು ಮತ್ತೆ ಶಾಲೆಗೆ ಬರಲಿಲ್ಲ. ಅವನು ಕುಳಿತುಕೊಳ್ಳುತ್ತಿದ್ದ ಜಾಗವು ನನಗೆ ಇನ್ನೂ ನೆನಪಿದೆ.

ತಾಯಿಯವರು ಮೊಮ್ಮಗನ ಕಡೆಗೊಮ್ಮೆ ನೋಡಿದರು. ಅವನು ಕೋವಿಯ ಕುದುರೆಯನ್ನು ಎಳೆದು ಬಿಡುತ್ತ ಆಡುತ್ತಿದ್ದನು. “ಕೊಟ್ಟು ಬಾ” ಎಂದು ಮಗನಿಗೆ ಹೇಳಿ ಒಳಗೆ ಹೋದರು.

ಅರ್ಜಿಯನ್ನು ನಾನೇ ಬರೆದೆನು, ನಳಿಗೆಯು ಮೋಟಾಗಿರುವದನ್ನೂ ಮರೆಮಾಚದೆ. ಮರುದಿನ ನಾವಿಬ್ಬರೂ ಕೂಡಿ ಠಾಣೆಯಲ್ಲಿ ಕೋವಿಯನ್ನು ಒಪ್ಪಿಸಿ ರಸೀದಿ ಪಡೆದೆವು. ಮರಳಿ ಬಂದಾಗ ಪಡಸಾಲೆಯ ಗೂಟದಲ್ಲಿ ಹಳೆಯ ಮದ್ದಿನ ಕೊಂಬು ತೂಗುತ್ತಿತ್ತು. ಒಳಗೆ ಮದ್ದಿರಲಿಲ್ಲ, ತಾಯಿಯವರು ಅದನ್ನು ತೊಳೆದು, ಒರಸಿ, ಎಣ್ಣೆ ಹಚ್ಚಿ ಪತಿಯ ಭಾವಚಿತ್ರದ ಕೆಳಗೆ ಕಟ್ಟಿದ್ದರು.

ನಮ್ಮ ಮನೆಗಳ ಅಟ್ಟಗಳಲ್ಲಿ ಇಂಥ ವಸ್ತುಗಳು ಇನ್ನೂ ಇರಬಹುದು. ಹಿರಿಯರ ನೆನಪನ್ನು ಇಟ್ಟುಕೊಳ್ಳಲಿಕ್ಕೆ ಕೊಂಬು ಸಾಕು. ಕೋವಿಯಿದ್ದವರು ಮಕ್ಕಳ ಕೈಗೆ ಅದು ಸಿಕ್ಕುವ ಮೊದಲೇ ಠಾಣೆಯ ದಾರಿಯನ್ನು ಹಿಡಿಯುವದು ಲೇಸು.